ಹಾಜರಿಗಾಗಿ ಅವ್ವನನ್ನು ಸಾಯಿಸಿದ್ದು

ಭಾಲ್ಕಿಯ ಒಂದು ಕಾಲೇಜಿನಲ್ಲಿ ನಾನು ವಿದ್ಯಾರ್ಥಿಗಳ ಸಲಹೆಗಾರ್ತಿ. ಹಾಜರಿ ಕಡಿಮೆ ಬಿದ್ದವರು ಮೊದಲು ನನ್ನ ಮೇಜಿನ ಮುಂದೆ ನಿಲ್ಲಬೇಕು. ಸುಳ್ಳು ಹಿಡಿಯುವುದರಲ್ಲಿ ಮೇಡಂ ಪೊಲೀಸರಿಗಿಂತ ಜೋರು ಎಂದು ಹುಡುಗರು ಆಡಿಕೊಳ್ಳುತ್ತಾರೆ. ಹಿಡಿಯದೆ ಏನು? ಆ ವಿದ್ಯೆ ನನಗೆ ಬೀದರಿನಲ್ಲಿ ಓದುವಾಗಲೇ ಬಂತು.

ಆಗ ಎಕಂಬಾದ ನಮ್ಮ ಹೊಲ ಎರಡು ವರ್ಷ ಮಳೆ ಕಂಡಿರಲಿಲ್ಲ. ಅರ್ಧ ಊರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿತ್ತು. ಅಲ್ಲಿ ಒಬ್ಬೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಗಂಡ ಹೆಂಡತಿ ಸೇರಿ ಒಂದು ಲೆಕ್ಕ. ಆ ಜೋಡಿಗೆ ಕಬ್ಬು ಕಡಿಯುವ ಕತ್ತಿಯ ಹೆಸರೇ, ಕೊಯ್ತಾ. ಅಪ್ಪ ಅವ್ವನೂ ಹೋದರು. ಹೋದ ಮೊದಲ ವಾರದಲ್ಲೇ ಅವ್ವ ಪಾದಕ್ಕೆ ಕತ್ತಿಯ ಏಟು ಹಾಕಿಕೊಂಡು ಊರಿಗೆ ಮರಳಿದಳು. ಅರ್ಧ ಕೊಯ್ತಾ ಬೇಡ ಎಂದ ಕೂಲಿಯವರ ಮೇಸ್ತ್ರಿ, ಅಲ್ಲಿನ ಮುಕಾದಮ. ಅಪ್ಪ ಬೀದರಿನಲ್ಲಿ ನಾನಿದ್ದ ನೌಬಾದಿನ ಹಾಸ್ಟೆಲ್ಲಿಗೆ ಬಂದು ನನ್ನನ್ನು ಕರೆದೊಯ್ದ. ಎರಡೂವರೆ ತಿಂಗಳು ಅವ್ವನ ಜಾಗದಲ್ಲಿ ನಿಂತು ಕಬ್ಬಿನ ಹೊರೆ ಕಟ್ಟಿದೆ.

ತಿರುಗಿ ಬಂದರೆ ಹಾಲ್ ಟಿಕೆಟ್ ಇಲ್ಲ. ಕೊನೆಯ ವರ್ಷ, ತಪ್ಪಿದರೆ ಮತ್ತೆ ಕಳಿಸುವವರಿಲ್ಲ. ಹಾಜರಿ ನೋಡುತ್ತಿದ್ದ ಸರ್ ಅರ್ಜಿಯಲ್ಲಿ ಕಾರಣದ ಕಾಲಂ ತೋರಿಸಿದರು.

“ಕಬ್ಬು ಅಂತ ಬರದರ ನಡೆಯಂಗಿಲ್ಲ. ಜಡ್ಡು ಅಂದರ ಡಾಕ್ಟರ್ ಕಾಗದ ಕೇಳ್ತಾರ. ಅವ್ವ ತೀರ್ಕೊಂಡಾಳ ಅಂತ ಬರಿ. ಸತ್ತವರ ಕಾಗದ ಯಾರೂ ಕೇಳಂಗಿಲ್ಲ.”

ಎಷ್ಟು ಸಲೀಸಾಗಿ ಹೇಳಿದ ಪುಣ್ಯಾತ್ಮ! ಬರೆಯುವಾಗ ಕೈ ನಡುಗಿತು ಎಂದರೆ ಅದೂ ಸುಳ್ಳೇ. ಅಕ್ಷರಗಳು ಮುದ್ದಾಗಿಯೇ ಬಂದಿದ್ದವು.

ಪ್ರಿನ್ಸಿಪಾಲರು ಆ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದ ಹೊತ್ತಿಗೇ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕುಂಟುತ್ತ, ಔರಾದಿನ ಬಸ್ಸು ಹಿಡಿದು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು.

“ಯಾರಮ್ಮ ನೀವು?”

“ನಾ ಇಕಿ ಅವ್ವರೀ ಸಾಹೇಬ್ರ.”

ಪೆನ್ನು ನಿಂತಿತು. ನಾನು ತಡಮಾಡಲಿಲ್ಲ.

“ಇಲ್ರಿ ಸರ್, ಇವರು ನಮ್ಮ ಚಿಕ್ಕವ್ವ. ಅವ್ವ ಸತ್ತಾಗಿಂದ ತಲಿ ಸರಿ ಇಲ್ಲ. ಎಲ್ಲಾರ ಮುಂದ ತಾನೇ ಅವ್ವ ಅಂತಾರ.”

ಅವ್ವ ನನ್ನನ್ನು ನೋಡಿದಳು. ಆಮೇಲೆ ಅರ್ಜಿಯನ್ನು ನೋಡಿದಳು. ಓದು ಬರುತ್ತಿರಲಿಲ್ಲ, ಆದರೂ ತಿಳಿಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು, “ಹೌದ್ರಿ ಸಾಹೇಬ್ರ, ನಾ ಹುಚ್ಚಿ” ಎಂದಳು. ಪ್ರಿನ್ಸಿಪಾಲರು ಪಾಪ ಎಂದು ಸಹಿ ಹಾಕಿದರು.

ಬಸ್ ಸ್ಟ್ಯಾಂಡಿನವರೆಗೂ ಅವ್ವನ ಜೊತೆ ನಡೆದೆ. ಬಸ್ಸು ಹತ್ತುವಾಗ ಅವ್ವ ಗಂಟು ನನ್ನ ಕೈಗಿಟ್ಟಳು.

“ಪಾಸಾಗವಾ. ನಾ ಸತ್ತಿದ್ದು ದಂಡ ಆಗಬಾರ್ದು.”

ಪಾಸಾದೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಅವ್ವ ಆಮೇಲೆ ಹದಿನೆಂಟು ವರ್ಷ ಬದುಕಿದಳು, ಬೀದರಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಈ ಕೆಲಸ ಸಿಕ್ಕಾಗ ನನ್ನ ಮೇಜಿನ ಮೇಲೆ ಯಾರೂ ಸುಳ್ಳೇ ಸಾಯಬಾರದು ಎಂದು ಹಟ ಹಿಡಿದೆ. ಅದು ನ್ಯಾಯ ಎಂದುಕೊಂಡಿದ್ದೆ. ಥೂ, ನನ್ನ ನ್ಯಾಯಕ್ಕಿಷ್ಟು!

ಮತ್ತೊಂದು ಬರ ಬಿದ್ದ ವರ್ಷ ಸಾಯಗಾಂವದ ಹುಡುಗಿಯೊಬ್ಬಳು ಅರ್ಜಿ ತಂದಳು. ಅಂಗೈ ನೋಡಿದೊಡನೆ ಕಬ್ಬು ಎಂದು ಗೊತ್ತಾಯಿತು. ಕಾರಣದ ಕಾಲಂನಲ್ಲಿ ಅಪ್ಪ ತೀರಿಕೊಂಡರು ಎಂದಿತ್ತು.

“ನಿಜ ಹೇಳು. ಬದುಕಿದ ಅಪ್ಪನ್ನ ಸಾಯಿಸ್ಲಿಕ್ಕೆ ನಾಚಿಕಿ ಆಗಂಗಿಲ್ಲೇನ?”

“ಖರೇನ ಸತ್ತಾರ್ರಿ ಮೇಡಂ. ಕಬ್ಬಿನ ಟ್ರ್ಯಾಕ್ಟರ್ ಮಗಚಿತ್ರಿ.”

“ಎಲ್ಲಾರೂ ಹಿಂಗ ಅಂತಾರ. ತಡಿ, ನಿಮ್ಮಪ್ಪನ್ನೇ ಕೇಳ್ತೀನಿ.”

ಪ್ರವೇಶದ ಫಾರಂ ತೆಗೆಸಿ, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ ಅವರಪ್ಪನ ನಂಬರಿಗೆ ಫೋನ್ ಹಚ್ಚಿದೆ. ರಿಂಗಾಯಿತು. ನೋಡಿದಿಯಾ ಎನ್ನುವಂತೆ ಹುಬ್ಬೇರಿಸಿದೆ.

ಸದ್ದು ಅವಳ ಬ್ಯಾಗಿನಿಂದ ಬರುತ್ತಿತ್ತು. ಅವಳು ಮೆಲ್ಲಗೆ ಜಿಪ್ ತೆಗೆದು, ಗಾಜು ಒಡೆದ ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

“ಅಪ್ಪಂದು ರೀ. ಎತ್ಲೇನ್ರಿ ಮೇಡಂ?”