ಭಾವ ಮೆತ್ತಗೆ ಮಾತಾಡಿದಾಗ

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಮನೆಯಲ್ಲಿ ಇಸ್ಪೀಟು ಆಡುವುದು ತಪ್ಪಾಗಿರಲಿಲ್ಲ. ಬೂದಿಗೆರೆ ಕಡೆ ಬಹಳ ಮನೆಗಳಲ್ಲಿ ಹಾಗೆಯೇ. ವರ್ಷವೆಲ್ಲ ಎಲೆ ಮುಟ್ಟಿದರೆ ಬೈಯುತ್ತಿದ್ದ ಅಜ್ಜಿಯೇ ಅವತ್ತು ಪಡಸಾಲೆಯಲ್ಲಿ ಚಾಪೆ ಹಾಸಿ, ಹೆಂಗಸರನ್ನೂ ಕೂರಿಸಿ, ಎಲ್ಲರಿಗೂ ಒಂದೊಂದು ಬೊಗಸೆ ಹುಣಸೆಬೀಜ ಹಂಚುತ್ತಿದ್ದಳು. ದುಡ್ಡು ಕಟ್ಟುವಂತಿರಲಿಲ್ಲ. ಯಾರು ಮೊದಲು ಬೀಜವನ್ನೆಲ್ಲ ಕಳೆದುಕೊಳ್ಳುತ್ತಾರೋ ಅವರು, ಗಂಡಸಾಗಲಿ ಹೆಂಗಸಾಗಲಿ, ಊಟವಾದ ಮೇಲೆ ಹಿತ್ತಿಲಲ್ಲಿ ಕೂತು ಬಾಡಿನ ತಪ್ಪಲೆಗಳನ್ನು ತಿಕ್ಕಬೇಕು. ಅದು ಅಜ್ಜಿಯ ಕಟ್ಟಳೆ.

ಆಡುತ್ತಿದ್ದದ್ದು ಮೂರೆಲೆ ಆಟ. ಮೂರೂ ಎಲೆ ಒಂದೇ ಥರ ಬಂದರೆ ಅದಕ್ಕೆ ಮೇಲಿಲ್ಲ. ಬರೀ ಜೋಡಿ ಬಂದರೂ ಗೆಲ್ಲುವ ಆಸೆ ಇಟ್ಟುಕೊಳ್ಳಬಹುದು. ಯಾರಾದರೂ ತಮ್ಮ ಬೀಜವನ್ನೆಲ್ಲ ಒಟ್ಟಿಗೆ ಮುಂದಕ್ಕೆ ತಳ್ಳಿದರೆ ಎದುರಿನವರು ಅಷ್ಟೇ ಬೀಜ ಇಟ್ಟು ಎಲೆ ತೋರಿಸು ಅನ್ನಬೇಕು, ಇಲ್ಲವೇ ತಮ್ಮ ಎಲೆ ಮಗುಚಿ 'ಪ್ಯಾಕ್' ಅಂದು ಸುಮ್ಮನಾಗಬೇಕು.

ಅಕ್ಕನ ಮದುವೆಯಾಗಿ ಮೊದಲ ಹೊಸತೊಡಕಿಗೆ ಭಾವ ಬಂದ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ನಾನು ಅವನನ್ನು ಬಾಯಲ್ಲಿ ಬಹುವಚನದಲ್ಲೇ ಕರೆದಿದ್ದೇನೆ. ಮನಸ್ಸಿನಲ್ಲಿ ಮಾತ್ರ ಅವತ್ತಿನಿಂದ ಇವತ್ತಿನವರೆಗೂ ಏಕವಚನ. ಅಪ್ಪನ ಎದುರು ಕೂತು ಆಡುತ್ತಿದ್ದವನು ಇದ್ದಕ್ಕಿದ್ದಂತೆ ಬೀಜವನ್ನೆಲ್ಲ ತಳ್ಳಿ, ಮಗುವಿಗೆ ಹೇಳುವ ಹಾಗೆ ಹೇಳಿದ:

"ಬಿಟ್ಬಿಡಿ ಮಾವ. ಹಬ್ಬದ ದಿನ ಯಾಕೆ ಸುಮ್ನೆ."

ಅಪ್ಪನ ಕೈಯಲ್ಲಿ ಎರಡು ರಾಣಿಗಳಿದ್ದವು. ನಾನು ಅವರ ಭುಜದ ಹಿಂದೆ ಕೂತು ನೋಡುತ್ತಿದ್ದೆ. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿಕೊಂಡಿದ್ದ ಮನುಷ್ಯ. ಅಳಿಯ ಒಳ್ಳೆಯದಕ್ಕೇ ಹೇಳುತ್ತಿದ್ದಾನೆಂದು ನಂಬಿ ಪ್ಯಾಕ್ ಅಂದರು. ಭಾವ ಕೂಡಲೇ ತನ್ನ ಎಲೆ ತಿರುಗಿಸಿದ. ಎರಡು, ಐದು, ಹತ್ತು, ಒಂದಕ್ಕೊಂದು ಸಂಬಂಧವಿಲ್ಲ. ಎಲ್ಲರೂ ನಕ್ಕರು. ಆಮೇಲೆ ಅಪ್ಪನಿಗೆ ಆಟದ ಮೇಲೆ ಮನಸ್ಸು ನಿಲ್ಲಲಿಲ್ಲ, ಉಳಿದ ಬೀಜವೂ ಹೋಯಿತು. ಮಧ್ಯಾಹ್ನ ಅವರು ಬೂದಿ, ತೆಂಗಿನ ನಾರು ಹಿಡಿದು ಕೂತಾಗ ಭಾವ ಎಲೆಯಡಿಕೆ ಅಗಿಯುತ್ತ ಪಕ್ಕದಲ್ಲೇ ನಿಂತಿದ್ದ. "ಅಗೋ ಅಲ್ಲಿ ಮಸಿ ಉಳೀತು ನೋಡಿ ಮಾವ," ಅಂತ ಬೆರಳು ತೋರಿಸುತ್ತಿದ್ದ. ಅಪ್ಪ ನಗುತ್ತಲೇ ತಿಕ್ಕಿದರು. ಅಕ್ಕ ಒಳಗೆ ಹೋಗಿಬಿಟ್ಟಳು.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಬಿಡಲಿಲ್ಲ. ಯಾರದ್ದೇ ಮದುವೆ, ನಾಮಕರಣ ಇರಲಿ, ಪಂಕ್ತಿಯಲ್ಲಿ ಕೂತು ಕೂಗಿ ಹೇಳುವನು: "ನಮ್ ಮಾವ ಪ್ಯಾಕ್ ಮಾಡೋದ್ರಲ್ಲೂ ಗಟ್ಟಿಗ, ಪಾತ್ರೆ ತಿಕ್ಕೋದ್ರಲ್ಲೂ ಗಟ್ಟಿಗ." ಬಂಧುಗಳ ಬಾಯಲ್ಲಿ ಅಪ್ಪನಿಗೆ ಪ್ಯಾಕ್ ಮಾವ ಅಂತಲೇ ಹೆಸರು ಬಿತ್ತು. ನಾನು ಮುಂದಿನ ಹಬ್ಬಗಳಲ್ಲಿ ಚಾಪೆಯ ಅಂಚಿನಲ್ಲಿ ಕೂತು ಅವನ ಎಲೆಗಳನ್ನಲ್ಲ, ಅವನ ಬಾಯನ್ನು ನೋಡುತ್ತ ಬಂದೆ. ಕೈಯಲ್ಲಿ ಏನೂ ಇಲ್ಲದಾಗ ಅವನಿಗೆ ಎದುರಿನವರ ಮೇಲೆ ಕನಿಕರ ಹುಟ್ಟುತ್ತಿತ್ತು. ಒಳ್ಳೆಯ ಎಲೆ ಬಿದ್ದಾಗ ಕೆಣಕುತ್ತಿದ್ದ.

ನಾನು ದೇವನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದ ವರ್ಷ ಅಜ್ಜಿಯನ್ನು ಕೇಳಿ ಆಟಕ್ಕೆ ಕೂತೆ, ಭಾವನ ಎದುರಿಗೇ.

ಒಂದು ಸಲ ನನಗೆ ಎರಡು ಎಕ್ಕ ಬಂದವು, ಜೊತೆಗೆ ಒಂದು ಆರು. ನಾಲ್ಕು ಬೀಜ ಇಡುವಷ್ಟರಲ್ಲಿ ಬೇರೆಯವರೆಲ್ಲ ಬಿಟ್ಟರು. ಭಾವ ತನ್ನ ರಾಶಿಯನ್ನೆಲ್ಲ ಮುಂಗೈಯಿಂದ ತಳ್ಳಿ ಹಿಂದಕ್ಕೆ ಒರಗಿದ.

"ಏನಮ್ಮಾ, ನೀನೂ ನಿಮ್ಮಪ್ಪನ ಥರ ಪ್ಯಾಕಾ? ರಕ್ತದಲ್ಲೇ ಬಂದದಾ?"

ಎಲ್ಲರೂ ನನ್ನ ಮುಖ ನೋಡಿದರು. ಅಪ್ಪ ಬಾಗಿಲ ಬಳಿ ಕೂತು ಬೀಡಿ ಕಟ್ಟು ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ. ಎರಡು ಎಕ್ಕ ಕೈಯಲ್ಲಿಟ್ಟುಕೊಂಡು ಈ ಮಾತು ಕೇಳಿ ಸುಮ್ಮನಿರುವುದು ಹೇಗೆ? ತಳ್ಳಲು ನನ್ನ ರಾಶಿಗೆ ಕೈಯನ್ನೂ ಹಾಕಿದ್ದೆ. ಆಗ ಅನ್ನಿಸಿತು: ನಾನು ಬಿಡಲಿ ಅಂತ ಅವನಿಗೆ ಇದ್ದಿದ್ದರೆ, ಬಿಡುವುದನ್ನೇ ಯಾಕೆ ಹೀಯಾಳಿಸುತ್ತಿದ್ದ? ಅವನಿಗೆ ನನ್ನ ಬೀಜ ಬೇಕು. ಬಾ ಅಂತ ಕರೆಯುತ್ತಿದ್ದಾನೆ.

"ಹೂಂ ಭಾವ, ಪ್ಯಾಕು," ಅಂದೆ.

ಅವನ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು. ಎಲೆಗಳನ್ನು ಚಾಪೆಗೆ ಬಡಿದ. ಮೂರು ಗುಲಾಮ. ಅಂಥದ್ದು ಬಂದೂ ಅವನಿಗೆ ಸಿಕ್ಕಿದ್ದು ಚಿಲ್ಲರೆ ಬೀಜ. ನಾನು ನನ್ನ ಎಕ್ಕಗಳನ್ನು ನಿಧಾನವಾಗಿ ತಿರುಗಿಸಿ ಅವನ ಮುಂದೆ ಇಟ್ಟೆ.

"ಎರಡು ಎಕ್ಕ ಇಟ್ಕೊಂಡು ಬಿಟ್ಟಳಲ್ಲೋ," ಅಂದ ನಮ್ಮ ಚಿಕ್ಕಪ್ಪ.

"ಭಾವನ ಮಾತು ಕೇಳಿದ್ರೇ ಗೊತ್ತಾಯ್ತದೆ ಚಿಕ್ಕಪ್ಪ," ಅಂದೆ.

ಆಮೇಲೆ ಅವನ ತಲೆ ಕೆಟ್ಟಿತು. ಪ್ರತಿ ಕೈಗೂ ನನ್ನನ್ನೇ ಹುಡುಕಿಕೊಂಡು ಬಂದು ಸೋಲತೊಡಗಿದ. ನನ್ನ ರಾಶಿ ಬೆಳೆದು ಅವನದು ಕರಗಿತು. ಒಳಗೆ ಬಾಡು ಬೆಂದು ವಾಸನೆ ಪಡಸಾಲೆ ತುಂಬಿದ ಹೊತ್ತಿಗೆ, ಉಳಿದದ್ದನ್ನೆಲ್ಲ ತಳ್ಳಿ, ಧ್ವನಿ ಇಳಿಸಿ ಹೇಳಿದ:

"ಬಿಡಮ್ಮ, ಸಾಕು. ಚಿಕ್ಕವಳು ನೀನು. ಗೆದ್ದಿದ್ದನ್ನ ಯಾಕೆ ಸುಮ್ನೆ ಕಳ್ಕೋತೀಯ?"

ನನ್ನ ಕೈಯಲ್ಲಿದ್ದದ್ದು ಎರಡು ನಾಲ್ಕು, ಒಂದು ಒಂಬತ್ತು. ಬಡಪಾಯಿ ಜೋಡಿ. ಆದರೆ ಆ ಮೆತ್ತಗಿನ ಧ್ವನಿಗೆ ನಾನು ವರ್ಷಗಟ್ಟಲೆ ಕಾದಿದ್ದೆ.

"ತೋರ್ಸಿ ಭಾವ," ಅಂದೆ.

ತೋರಿಸಲಿಲ್ಲ. ಅಜ್ಜಿಯೇ ಕೈ ಚಾಚಿ ಅವನ ಎಲೆ ತಿರುಗಿಸಿದಳು. ರಾಣಿ, ಎಂಟು, ಮೂರು.

ಊಟವಾದ ಮೇಲೆ ಭಾವ ಜಗಲಿಯಲ್ಲಿ ಮಲಗಿದ ಹಾಗೆ ಮಾಡಿದ. ಅಕ್ಕ ಸೆರಗು ಸಿಕ್ಕಿಸಿಕೊಂಡು ತಪ್ಪಲೆ ಎತ್ತಲು ಹೋದಳು. ನಾನು ಅವಳ ಕೈ ಹಿಡಿದೆ. "ಸೋತವರು ತಿಕ್ಕಬೇಕು, ಅವರ ಹೆಂಡ್ತಿ ಅಲ್ಲ," ಅಂತ ಜಗಲಿಗೆ ಕೇಳುವ ಹಾಗೆ ಅಂದೆ. ಅಕ್ಕ ನನ್ನನ್ನೊಮ್ಮೆ ನೋಡಿ ತಪ್ಪಲೆ ಕೆಳಗಿಟ್ಟಳು. ಅಜ್ಜಿ ಜಗಲಿಗೆ ಹೋಗಿ, "ಏಳಪ್ಪಾ," ಅಂದಳು.

ಅವನು ಪಂಚೆ ಎತ್ತಿ ಕಟ್ಟಿ ಕೂತ. ಮಂಡಿ ಅಗಲಿಸಿ, ಬೂದಿ ಎಲ್ಲಿ ಹಾಕಬೇಕೆಂದು ತಿಳಿಯದೆ ಕೂತಿದ್ದವನನ್ನು ನಾನು ಕಣ್ಣು ತುಂಬ ನೋಡಿದೆ. ಅಷ್ಟರಲ್ಲಿ ಅಪ್ಪ ತಂಬಿಗೆಯಲ್ಲಿ ನೀರು ತಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಹುಯ್ಯತೊಡಗಿದರು.

"ನೀವ್ಯಾಕಪ್ಪಾ?" ಅಂದೆ.

"ಒಬ್ಬನ ಕೈಲಾಗಲ್ಲ ಕಣಮ್ಮ, ಎಣ್ಣೆ ಜಿಡ್ಡು," ಅಂದರು.

ನನಗೆ ಅಪ್ಪನ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ಕಾದು ಸಂಪಾದಿಸಿದ್ದನ್ನು ಅವರು ಒಂದು ತಂಬಿಗೆ ನೀರಿನಲ್ಲಿ ತೆಳ್ಳಗೆ ಮಾಡಿಬಿಟ್ಟರು. ಈಗಲೂ ಆ ನೋಟ ನೆನಪಾದಾಗ ಅಪ್ಪನನ್ನು ಪಕ್ಕಕ್ಕೆ ಸರಿಸಿ ಭಾವನೊಬ್ಬನನ್ನೇ ನೋಡಿಕೊಳ್ಳುತ್ತೇನೆ.

ಭಾವ ಸಂಜೆ ಕಾಫಿಗೂ ನಿಲ್ಲದೆ ಹೊರಟ. ಪ್ಯಾಕ್ ಮಾವ ಎಂಬ ಮಾತು ಮತ್ತೆ ಯಾವ ಪಂಕ್ತಿಯಲ್ಲೂ ಕೇಳಲಿಲ್ಲ. ಮುಂದಿನ ವರ್ಷದಿಂದ ಹಬ್ಬಕ್ಕೆ ಅವನಿಗೆ ಪ್ರತಿ ಸಲವೂ ಫ್ಯಾಕ್ಟರಿಯಲ್ಲಿ ಕೆಲಸ. ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದು, ಮೊದಲಿನಂತೆ ಅವತ್ತೇ ಹೊರಡದೆ, ವಾರವಿಡೀ ಇದ್ದು ಹೋಗುತ್ತಿದ್ದಳು.