ಸರೋಜತ್ತೆ ಬರೆದ ದೀಪದ ದಾರಿ

ಮೊನ್ನೆ ಒಂದು ಮದುವೆಮನೆಯಲ್ಲಿ ತಂಗಿಯ ಮಗಳು ನನ್ನ ಪಕ್ಕ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಸಣ್ಣ ಶೀಶೆಯ ಮುಚ್ಚಳ ತೆರೆದದ್ದೇ ತಡ, ನಾನು ಪುತ್ತೂರಿನ ನಮ್ಮ ಹಳೆಯ ಮನೆಯ ಎದುರಿನ ಕೋಣೆಯಲ್ಲಿದ್ದೆ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದವರಿಗೆ ಈ ವಾಸನೆ ಗೊತ್ತಿರುತ್ತದೆ. ಸ್ಟೆನ್ಸಿಲ್ ಎಂಬ ಮೇಣದ ಹಾಳೆಯಲ್ಲಿ ಅಕ್ಷರ ತಪ್ಪಿದರೆ ಅದರ ಮೇಲೆ ಕೆಂಪು ದ್ರವವೊಂದನ್ನು ಸವರಿ, ಬಾಯಿಂದ ಊದಿ ಒಣಗಿಸಿ, ಪುನಃ ಬರೆಯಬೇಕಿತ್ತು. ಉಗುರುಬಣ್ಣದ್ದೇ ವಾಸನೆ ಅದಕ್ಕೆ. ಅಪ್ಪನ ತಂಗಿ ಸರೋಜತ್ತೆ ಜೀವಮಾನದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಆದರೂ ಅವಳು ಹತ್ತಿರ ಬಂದರೆ ಆ ವಾಸನೆ ಬರುತ್ತಿತ್ತು. "ಎಂತ ದೊಡ್ಡಮ್ಮ, ತಲೆನೋವಾ?" ಎಂದು ಹುಡುಗಿ ಕೇಳಿದಳು. ಇಲ್ಲ ಎಂದೆ. ಇಂಥದ್ದನ್ನೆಲ್ಲ ಮದುವೆಮನೆಯ ಗದ್ದಲದಲ್ಲಿ ಹೇಳಲಿಕ್ಕಾಗುವುದಿಲ್ಲ. ನಿಮಗೆ ಹೇಳುತ್ತೇನೆ. ಯಾವುದೋ ಒಂದು ವಾಸನೆಗೆ ತಟ್ಟನೆ ಎದ್ದು ಬರುವ ಮನೆ ನಿಮಗೂ ಒಂದು ಇದ್ದೀತು.

ನಮ್ಮ ಮನೆ ಪೇಟೆಯಿಂದ ಸ್ವಲ್ಪ ಮೇಲೆ, ಏರು ರಸ್ತೆಯ ತಿರುವಿನಲ್ಲಿತ್ತು. ಎದುರಿನ ಕೋಣೆಯಲ್ಲಿ ಸರೋಜತ್ತೆಯ ಟೈಪಿಂಗ್ ಶಾಲೆ, ಅದರ ಮೂಲೆಯಲ್ಲಿ ಆ ಸೈಕ್ಲೋಸ್ಟೈಲ್ ಯಂತ್ರ, ಹಿಂದಿನ ಕೋಣೆಗಳಲ್ಲಿ ನಾವು. ಬೆಳಗಾಗುವ ಮೊದಲೇ ಶುರುವಾಗುವ ಟಕಟಕ ಸದ್ದಿನಲ್ಲೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು, ಅದರಲ್ಲೇ ಜ್ವರ ಬಂದು ಮಲಗಿದ್ದು. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟರಾಗಿದ್ದರು. ಅಜ್ಜ ಹಂಚಿನ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತು ರಸ್ತೆಯಲ್ಲಿ ಹೋಗುವವರನ್ನು ವಿಚಾರಿಸುತ್ತಿದ್ದರು. ಅತ್ತೆಗೆ ಕೋಪ ಮೂಗಿನ ತುದಿಯಲ್ಲಿ ಎಂದು ಊರವರು ಹೇಳುತ್ತಿದ್ದರು. ಅಜ್ಜನಿಗೆ ಮೂಗಿಡೀ ಕೋಪ. ಅತ್ತೆ ಮದುವೆ ಬೇಡ ಎಂದು ಹಟ ಹಿಡಿದ ಕಾಲದಿಂದ ಅವರಿಬ್ಬರೂ ನೆಟ್ಟಗೆ ಮಾತಾಡಿದ್ದು ಕಡಿಮೆ. "ಅಜ್ಜನಿಗೆ ಕಾಪಿ ಬೇಕಾ ಕೇಳು", "ಬೇಡ ಅಂತ ಹೇಳು ಅವಳಿಗೆ" — ಹೀಗೆ ನನ್ನ ಮೂಲಕವೇ ಹೋಗಿ ಬರುತ್ತಿತ್ತು ಮಾತು. ಎದುರೆದುರು ಕುಳಿತವರ ನಡುವೆ ಹೀಗೆ ಓಡಾಡಿ ನನಗೆ ಸಾಕಾಗಿ ಹೋಗಿತ್ತು.

ದೀಪಾವಳಿಗೆ ನಮ್ಮ ಕಡೆ ಮನೆಮನೆಯ ಎದುರು ಗೂಡುದೀಪ ಏರುತ್ತದೆ. ಬಿದಿರಿನ ಕಡ್ಡಿಗಳ ಗೂಡು, ಅದಕ್ಕೆ ಬಣ್ಣದ ಕಾಗದ, ಕೆಳಗೆ ಗಾಳಿಗೆ ಸರಸರ ಎನ್ನುವ ಕಾಗದದ ಬಾಲಗಳು, ಒಳಗೊಂದು ದೀಪ. ಈಗಿನ ಹಾಗೆ ಅಂಗಡಿಯಿಂದ ತಂದು ನೇತು ಹಾಕುವುದಲ್ಲ, ಎಲ್ಲ ಮನೆಯಲ್ಲೇ ಕಟ್ಟಬೇಕು. ಅದನ್ನು ನೋಡಲಿಕ್ಕೆಂದೇ ಕಾಣಿಯೂರು, ಗುತ್ತಿಗಾರು, ಸುಳ್ಯದ ಕಡೆಯಿಂದ ಜನ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ದೊಡ್ಡ ರಸ್ತೆಯಲ್ಲೇ ಎರಡು ಸಲ ಮೇಲೆ ಕೆಳಗೆ ಹೋಗಿ, ಐಸ್‌ಕ್ಯಾಂಡಿ ತಿಂದು, ಕೊನೆಯ ಬಸ್ಸು ಹಿಡಿದು ವಾಪಸಾಗುತ್ತಿದ್ದರು. ಒಳಗಿನ ಓಣಿಗಳಲ್ಲಿ ಒಂದಕ್ಕಿಂತ ಒಂದು ಚಂದದ ಗೂಡುಗಳು ಮನೆಯವರು ಮಾತ್ರ ನೋಡಿ ಇಳಿಸುವ ಹಾಗಿದ್ದವು. ಅತ್ತೆಗೆ ಇದು ಸರಿ ಕಾಣಲಿಲ್ಲ. "ಎಲ್ಲಿ ಎಂತ ಉಂಟು, ಯಾವ ದಾರಿಯಲ್ಲಿ ಹೋಗುದು ಅಂತ ಒಂದು ಕಾಗದ ಮಾಡಿ ಬಸ್ಸಿನಲ್ಲೇ ಹಂಚಿದರೆ ಆಯ್ತಲ್ಲ" ಎಂದಳು. ಎಂಬತ್ತರ ದಶಕದ ನಡುವಿನ ಮಾತು ಇದು. ಟೈಪಿಂಗ್ ಶಾಲೆಯ ಹುಡುಗಿಯರಿಗೆಲ್ಲ ಹುರುಪು ಬಂತು. ನಾವು ಸಂಜೆಸಂಜೆ ಓಣಿ ಓಣಿ ತಿರುಗಿ, "ಈ ಸಲ ಎಂತ ಕಟ್ಟುತ್ತೀರಿ?" ಎಂದು ಕೇಳಿ ಬಂದೆವು. ವಿಮಾನ ಎಂದರು ಒಬ್ಬರು, ತಾವರೆ ಎಂದರು ಇನ್ನೊಬ್ಬರು. ಇನ್ನೂ ಯೋಚಿಸದವರು ನಮ್ಮನ್ನು ನೋಡಿಯೇ ಯೋಚಿಸಲು ಶುರುಮಾಡಿದರು. ಬಣ್ಣದ ಕಾಗದ, ಬಲ್ಬು ಮಾರುವ ಅಬ್ಬಾಸ್ ಬ್ಯಾರಿ ಅಂಗಡಿಯಿಂದಲೇ ಕರೆದು, "ಟೀಚರೇ, ನಬಿ ದಿನಕ್ಕೆ ನಮ್ಮ ಮಸೀದಿಗೂ ಲೈಟು ಹಾಕ್ತೇವೆ. ನಿಮ್ಮ ಕಾಗದದಲ್ಲಿ ಅದು ಬರುದಿಲ್ವಾ?" ಎಂದು ಕೇಳಿದರು. ಆ ವರ್ಷ ದೀಪಾವಳಿ, ನಬಿ ದಿನ, ಕ್ರಿಸ್ಮಸ್ ಮೂರು ಹಬ್ಬಗಳು ಒಂದರ ಬೆನ್ನಿಗೆ ಒಂದು ಬಂದಿದ್ದವು. ಹಾಗೆ ಮಸೀದಿಯೂ ಸೇರಿತು, ಇಗರ್ಜಿಯ ನಕ್ಷತ್ರಗಳೂ ಗೋದಲಿಯೂ ಸೇರಿದವು.

ಅಜ್ಜ ಮೊದಲು ತಮಾಷೆ ಮಾಡಿದರು. "ದೀಪ ನೋಡಲಿಕ್ಕೆ ಕಣ್ಣು ಸಾಕು, ಕಾಗದ ಎಂತಕ್ಕೆ?" ಎಂದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳಿಸುವ ಹಾಗೆ ಹೇಳಿದರು. ಅತ್ತೆ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಅದೇ ಅಜ್ಜ ಎರಡು ದಿನ ಕಳೆಯುವುದರೊಳಗೆ ಹಿತ್ತಲಿನ ಕೊಟ್ಟಿಗೆಯಲ್ಲಿ ಬಿದಿರು ಸೀಳಲು ಕುಳಿತರು. ಪ್ರತಿವರ್ಷವೂ ಅವರು ಒಂದು ಗೂಡು ಕಟ್ಟುತ್ತಿದ್ದರು, ಹೌದು. ಆದರೆ ಈ ಸಲದ್ದು ಬೇರೆಯೇ. ದೊಡ್ಡ ಗೂಡಿನೊಳಗೆ ಇನ್ನೊಂದು ಗೂಡು, ದೀಪದ ಬಿಸಿಗೆ ಒಳಗಿನದು ತಾನಾಗಿ ತಿರುಗಬೇಕು, ಅದರ ಮೇಲೆ ಕತ್ತರಿಸಿ ಅಂಟಿಸಿದ ಆನೆ, ನವಿಲು, ಎತ್ತಿನಗಾಡಿಗಳ ನೆರಳು ಹೊರಗಿನ ಕಾಗದದ ಮೇಲೆ ಮೆರವಣಿಗೆ ಹೋಗಬೇಕು. ಹುಳ ತಿನ್ನಬಾರದೆಂದು ಮೈದಾ ಅಂಟಿಗೆ ಮೈಲುತುತ್ತು ಬೆರೆಸಿ ಕಲಸಿಟ್ಟರು. ವಯಸ್ಸಾದ ಕೈ, ಎತ್ತಿನ ಕಾಲು ಕತ್ತರಿಸಲು ಹೋಗಿ ಗಾಡಿಯ ಚಕ್ರ ಹರಿದಾಗ ಇಡೀ ಹಾಳೆ ಮುದ್ದೆ ಮಾಡಿ ಬಿಸಾಡಿ ಮೊದಲಿನಿಂದ ಶುರುಮಾಡುತ್ತಿದ್ದರು. ಇದೆಲ್ಲ ಯಾರಿಗಾಗಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳ ಕಾಗದದಲ್ಲಿ ತನ್ನ ಗೂಡು ಬರಬೇಕು, ಅದನ್ನು ಹಿಡಿದುಕೊಂಡು ಪರಊರಿನವರು ತನ್ನ ಅಂಗಳಕ್ಕೆ ಬರಬೇಕು. ಅಷ್ಟನ್ನು ಬಾಯಿಬಿಟ್ಟು ಕೇಳಲಿಕ್ಕೆ ಮಾತ್ರ ಅವರಿಂದ ಆಗಲಿಲ್ಲ.

ಅಮ್ಮನಿಗೆ ಈ ಬಿಗಿ ತಡೆಯಲಾಗಲಿಲ್ಲ. ಸ್ಟೆನ್ಸಿಲ್ ಬರೆಯುವ ಸಂಜೆ ಅತ್ತೆಯ ಹತ್ತಿರ ಹೋಗಿ, "ಒಂದು ಗೆರೆ ಬರೆ ಸರೋಜ. ಮಾವ ಊಟಕ್ಕೂ ಏಳದೆ ಕಟ್ಟುತ್ತಿದ್ದಾರೆ" ಎಂದಳು. "ನಮ್ಮ ಮನೆಯನ್ನು ನಾವೇ ಬರೆದುಕೊಳ್ಳುದಾ ಅತ್ತಿಗೆ? ಟೈಪಿಂಗ್ ಶಾಲೆಗೆ ಜಾಹೀರಾತು ಅಂತ ಹೇಳ್ತಾರೆ ಜನ" ಎಂದಳು ಅತ್ತೆ. ಆಮೇಲೆ ಸ್ವರ ಇಳಿಸಿ, "ಅವರಿಗೆ ಬೇಕಿದ್ದರೆ ಕೇಳಲಿ. ಒಂದು ಮಾತು ಕೇಳಿದರೆ ಮೊದಲನೆಯದೇ ನಮ್ಮದು ಹಾಕ್ತೇನೆ" ಎಂದಳು. ಅಮ್ಮ ನನ್ನನ್ನು ಕೊಟ್ಟಿಗೆಗೆ ಕಳಿಸಿದಳು. "ಅಜ್ಜ, ಅತ್ತೆ ಬರೀತಾ ಇದ್ದಾಳೆ. ನಮ್ಮ ಗೂಡಿನದ್ದು ಹೇಳಬೇಕಂತೆ" ಎಂದೆ. ಅಜ್ಜ ತಲೆ ಎತ್ತಲಿಲ್ಲ. "ನಾನು ಕಟ್ಟುದು ಅವಳಿಗೆ ಕಾಣುದಿಲ್ವಾ? ಕಣ್ಣಿದ್ದವರಿಗೆ ಹೇಳಬೇಕಾ?" ಎಂದರು. ನಾನು ಮರಳಿ ಬಂದು ಬಾಗಿಲಲ್ಲಿ ನಿಂತೆ. ಅತ್ತೆ ಉಕ್ಕಿನ ಮೊನೆಯ ಪೆನ್ನಿನಿಂದ ಹಾಳೆಯ ತಲೆಯಲ್ಲೇ ಒಂದು ಸಾಲು ಬರೆದಿದ್ದಳು. 'ಏರು ರಸ್ತೆಯ ತಿರುವಿನ ಹಂಚಿನ ಮನೆ' ಎಂದು ನಾನೇ ಓದಿದೆ. ನನ್ನ ಮುಖ ನೋಡಿದಳು, ಉತ್ತರ ಏನೆಂದು ಅವಳಿಗೆ ತಿಳಿಯಿತು. ಶೀಶೆ ತೆರೆದು ಆ ಸಾಲಿನ ಮೇಲೆ ಕೆಂಪು ಸವರಿದಳು. ಊದಲೂ ಇಲ್ಲ, ತಾನಾಗಿ ಒಣಗುವವರೆಗೆ ನೋಡುತ್ತ ಕುಳಿತಳು.

ಕಾಗದ ಬಹಳ ಚಂದ ಬಂದಿತ್ತು, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಒಂದು ಬದಿಯಲ್ಲಿ ಅತ್ತೆಯೇ ಗೀಚಿದ ಓಣಿಗಳ ನಕ್ಷೆ, ಇನ್ನೊಂದು ಬದಿಯಲ್ಲಿ ಮನೆಗಳ ವಿವರ. 'ಈ ಇಳಿಜಾರಿನಲ್ಲಿ ಜಾರುತ್ತದೆ, ಮಕ್ಕಳ ಕೈ ಹಿಡಿಯಿರಿ', 'ಇಲ್ಲಿ ನಾಯಿ ಉಂಟು, ಕಟ್ಟಿರುತ್ತಾರೆ', 'ಸುಳ್ಯದ ಬಸ್ಸಿಗೆ ಹೋಗುವವರು ಇಲ್ಲಿಂದ ವಾಪಸಾಗುವುದು ಒಳ್ಳೆಯದು'. ಅಪ್ಪ ಕಂಡಕ್ಟರುಗಳ ಕೈಯಲ್ಲಿ ಕಟ್ಟುಕಟ್ಟು ಕೊಟ್ಟು ಕಳಿಸಿದರು. ಒಂದು ಪ್ರತಿಯನ್ನು ಅಜ್ಜನ ಕುರ್ಚಿಯ ಕೈ ಮೇಲೆ ಯಾರೋ ಇಟ್ಟಿದ್ದರು. ಅವರು ಕನ್ನಡಕ ಹಾಕಿಕೊಂಡು ಈ ಬದಿ ಓದಿದರು, ಆ ಬದಿ ಓದಿದರು, ಪುನಃ ಮಗುಚಿ ಈ ಬದಿ ನೋಡಿದರು. ಆಮೇಲೆ ನೀಟಾಗಿ ಮಡಚಿ, ಇದ್ದಲ್ಲೇ ಇಟ್ಟರು. "ಊರಿಗೆ ಉಪಕಾರಿ" ಎಂದರಷ್ಟೆ. ಮನೆಗೆ ಮಾರಿ ಎಂಬ ಉಳಿದರ್ಧವನ್ನು ಅವರು ಹೇಳಲಿಲ್ಲ. ನಮಗೆಲ್ಲ ಅದು ಕೇಳಿಸಿತು.

ಹಬ್ಬದ ಸಂಜೆ ಅಂಗಳದ ಅಡಕೆಮರದ ಕಂಬಕ್ಕೆ ಅಜ್ಜನ ಗೂಡು ಏರಿತು. ಆನೆ ನಡೆಯಿತು, ನವಿಲು ನಡೆಯಿತು, ಗಾಡಿಯ ಚಕ್ರ ನಿಜವಾಗಿ ಉರುಳಿದ ಹಾಗೆ ಕಂಡಿತು. ಅಂಥದ್ದನ್ನು ಪುತ್ತೂರಿನಲ್ಲಿ ನಾನು ಮತ್ತೆ ಕಂಡದ್ದಿಲ್ಲ. ಅಜ್ಜ ಬಿಳಿ ಅಂಗಿ ಹಾಕಿ ಜಗಲಿಯಲ್ಲಿ ಕುಳಿತಿದ್ದರು. ಕಾಗದ ಹಿಡಿದ ಜನ ಗುಂಪುಗುಂಪಾಗಿ ಪೇಟೆಯಿಂದ ಏರಿ ಬರುತ್ತಿದ್ದರು, ನಮ್ಮ ತಿರುವಿಗೆ ಸ್ವಲ್ಪ ಕೆಳಗೆ ನಿಂತು ನಕ್ಷೆ ನೋಡಿ ಎಡದ ಓಣಿಗೆ ಇಳಿಯುತ್ತಿದ್ದರು. ದಾರಿ ಹಾಗೆಯೇ ಬರೆದಿತ್ತಲ್ಲ. ಪ್ರತಿ ಗುಂಪು ಬಂದಾಗಲೂ ಅಜ್ಜ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿಯುವುದು, ಅವರು ಇಳಿದುಹೋದಾಗ ಹಿಂದಕ್ಕೆ ಒರಗುವುದು. ನನಗೆ ಅದನ್ನು ನೋಡಲಾಗದೆ ಒಳಗೆ ಹೋದರೆ ಅತ್ತೆ ಕತ್ತಲೆ ಕೋಣೆಯಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕೊನೆಗೆ ಕಾಣಿಯೂರಿನ ಕಡೆಯ ಒಂದು ಸಂಸಾರ ದಾರಿ ತಪ್ಪಿ ನಮ್ಮ ಗೇಟಿಗೆ ಬಂತು. "ಅಜ್ಜೆರೇ, ಇಲ್ಲಿ ವಿಮಾನದ ಗೂಡು ಎಲ್ಲಿ ಉಂಟು?" ಎಂದು ಯಜಮಾನ ಕೇಳಿದ. ಮೇಲೆ ನೋಡಿ, "ಇದೂ ಚಂದ ಉಂಟಲ್ಲ" ಎಂದ. ಕಾಗದ ಮಗುಚಿ ಹುಡುಕಿದ. "ಆದರೆ ಇದು ಇದರಲ್ಲಿ ಇಲ್ಲ." ಅಜ್ಜ ಎದ್ದು ಗೇಟಿನವರೆಗೆ ಹೋಗಿ ವಿಮಾನದ ಮನೆಗೆ ದಾರಿ ತೋರಿಸಿದರು. "ಇದು ಅದರಲ್ಲಿ ಬರುದಿಲ್ಲ ಮಾರಾಯ. ಇದು ಮನೆಯ ಮಕ್ಕಳಿಗೆ ಅಂತ ಕಟ್ಟಿದ್ದು" ಎಂದರು. ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ, ಅವರು ಕೂಗಾಡಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು. ಕಿಟಕಿಯ ಹತ್ತಿರ ಅತ್ತೆ ಇರಲಿಲ್ಲ. ಆ ರಾತ್ರಿ ಅವಳು ಊಟಕ್ಕೆ ಬರಲಿಲ್ಲ.

ಮರುವರ್ಷ ಕಾಗದದಲ್ಲಿ ನಮ್ಮ ಮನೆಯನ್ನೂ ಹಾಕುತ್ತೇನೆ ಎಂದು ಅತ್ತೆ ಅಮ್ಮನಲ್ಲಿ ಹೇಳಿದ್ದಳಂತೆ. ಆಟಿ ತಿಂಗಳ ಮಳೆಯಲ್ಲಿ ಅಜ್ಜ ತೀರಿಕೊಂಡರು. ಹೆಚ್ಚು ಕಾಲ ಮಲಗಲಿಲ್ಲ. ಅತ್ತೆ ಅಳಲಿಲ್ಲ, ಅದಕ್ಕೂ ಊರವರು ಮಾತಾಡಿದರು. ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬ ಇಲ್ಲ, ಗೂಡುದೀಪ ಏರಿಸುವ ಹಾಗಿಲ್ಲ. ತಿಂಡಿಯನ್ನು ಕೂಡ ನೆರೆಯವರೇ ತಂದು ಕೊಡಬೇಕು. ದೀಪಾವಳಿ ಹತ್ತಿರವಾದ ಹಾಗೆ ಟೈಪಿಂಗ್ ಹುಡುಗಿಯರು ಕಾಗದದ ಸುದ್ದಿ ಎತ್ತಲು ಹೆದರಿದರು. ಅತ್ತೆಯೇ ಎತ್ತಿದಳು. ಅಪ್ಪನಿಗೆ ಸಿಟ್ಟು ಬಂತು. "ಸಾವಿನ ಮನೆಯಿಂದ ಹಬ್ಬದ ಕಾಗದ ಹೋಗುದಾ? ಜನ ಮುಖಕ್ಕೆ ಉಗಿದಾರು" ಎಂದರು. ಅತ್ತೆ ಬರೆದು ಮುಗಿಸಿದ್ದ ಸ್ಟೆನ್ಸಿಲನ್ನು ಬೆಳಕಿಗೆ ಹಿಡಿದು ಅವರಿಗೆ ತೋರಿಸಿದಳು. ಮೊದಲ ಸಾಲಿನಲ್ಲೇ ನಮ್ಮ ಮನೆ. 'ಏರು ರಸ್ತೆಯ ತಿರುವಿನ ಹಂಚಿನ ಮನೆ. ಈ ವರ್ಷ ಇಲ್ಲಿ ದೀಪ ಇಲ್ಲ. ಗೂಡು ಕಟ್ಟುತ್ತಿದ್ದ ನಮ್ಮ ತಂದೆ ತೀರಿಕೊಂಡಿದ್ದಾರೆ. ಹೋಗುವವರು ಒಂದು ಗಳಿಗೆ ನಿಂತು ಹೋಗಬೇಕು.' ಅಪ್ಪ ಓದಿ, "ಕತ್ತಲೆ ನೋಡಲಿಕ್ಕೆ ಯಾರು ಬರ್ತಾರೆ ಮಾರಾಯ್ತಿ? ಯಾರೂ ಬಾರದಿದ್ದರೆ ನಿನಗೆ ಇನ್ನೂ ಸಂಕಟ" ಎಂದರು. "ಬಾರದಿದ್ದರೆ ಬೇಡ. ಬರೆಯಬೇಕಾದ್ದು ಹೋದ ವರ್ಷವೇ ಇತ್ತು" ಎಂದಳು ಅತ್ತೆ. ಕಾಗದ ಬಸ್ಸುಗಳಲ್ಲಿ ಹೋಯಿತು. ಕೊಟ್ಟವರು ಅಪ್ಪನೇ.

ಆ ಮನೆ ಈಗ ಇಲ್ಲ. ಅಲ್ಲಿ ಅಂಗಡಿಗಳ ಕಟ್ಟಡ ಎದ್ದು ಎಷ್ಟೋ ವರ್ಷವಾಯಿತು, ದಾರಿಯ ಏರನ್ನೂ ಕಡಿದು ಮಟ್ಟ ಮಾಡಿದ್ದಾರೆ. ಅತ್ತೆ ಇಲ್ಲ, ಅಪ್ಪ ಅಮ್ಮ ಇಲ್ಲ. ದೀಪಾವಳಿಗೆ ಪುತ್ತೂರಿಗೆ ಹೋದರೆ ಆ ಕಟ್ಟಡಕ್ಕೆ ಮೇಲಿನಿಂದ ಕೆಳಗಿನವರೆಗೆ ಮಿಣಮಿಣ ದೀಪದ ಸರ ಬಿಟ್ಟಿರುತ್ತಾರೆ, ಅದರ ಎದುರು ಯಾರೂ ನಿಲ್ಲುವುದಿಲ್ಲ. ನಾನು ನಿಲ್ಲುತ್ತೇನೆ. ನನಗೆ ಕಾಣುವುದು ಆ ಎರಡನೆಯ ವರ್ಷದ ಸಂಜೆ.

ಊರೆಲ್ಲ ಪಟಾಕಿ, ಬೆಳಕು. ನಮ್ಮ ಅಂಗಳದಲ್ಲಿ ಮಾತ್ರ ಚಾಚಿದ ಕೈ ಕಾಣದ ಕತ್ತಲೆ. ಅಪ್ಪ ಜಗಲಿಯ ಮೂಲೆಯಲ್ಲಿ ರಸ್ತೆಗೆ ಬೆನ್ನು ಹಾಕಿ ಕುಳಿತಿದ್ದರು. ಅತ್ತೆ ಗೇಟಿನಿಂದ ಸ್ವಲ್ಪ ಒಳಗೆ ನನ್ನ ಹೆಗಲು ಹಿಡಿದು ನಿಂತಿದ್ದಳು. ಮೊದಲ ಗುಂಪು ಮಾತಾಡುತ್ತ ಬಂತು, ನಿಲ್ಲದೆ ಮೇಲೆ ಹೋಯಿತು. ಹೆಗಲ ಮೇಲಿನ ಕೈ ನೋಯುವಷ್ಟು ಬಿಗಿಯಾಯಿತು. ಎರಡನೆಯ ಗುಂಪು ಕೆಳಗಿನ ಓಣಿಗೇ ಇಳಿಯಿತು. ಆಮೇಲೆ ಒಬ್ಬಳು ಹೆಂಗಸು, ಕಂಕುಳಲ್ಲಿ ಮಗು, ಗೇಟಿನ ಹತ್ತಿರ ನಿಂತು ಟಾರ್ಚು ಹಾಕಿ ಕಾಗದ ಓದಿದಳು. "ಇದೇ" ಎಂದಳು ಹಿಂದಿನವರಿಗೆ. ಟಾರ್ಚು ಆರಿಸಿದಳು. ಒಬ್ಬ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿದ. "ಇಲ್ಲಿ ಎಂತ ಉಂಟು?" ಎಂದು ಮಗು ಕೇಳಿತು, "ಅಜ್ಜ ದೀಪ ಕಟ್ಟುತ್ತಿದ್ದ ಜಾಗ ಮಗ" ಎಂದಳು ತಾಯಿ. ಅವರು ನಿಂತದ್ದು ನೋಡಿ ಕೆಳಗಿನವರು ಏರಿ ಬಂದರು, ಮುಂದೆ ಹೋದವರೂ ತಿರುಗಿ ಬಂದರು. ಅಬ್ಬಾಸ್ ಬ್ಯಾರಿ ಅಂಗಡಿ ಮುಚ್ಚಿ ಮಕ್ಕಳನ್ನು ಕರೆದುಕೊಂಡು ಬಂದರು. ಯಾರೂ ಜೋರಾಗಿ ಮಾತಾಡಲಿಲ್ಲ. "ಎಲ್ಲಿ ಏರಿಸುತ್ತಿದ್ದರು?" ಎಂದು ಯಾರೋ ಕೇಳಿದಾಗ ಅಪ್ಪ ಜಗಲಿಯಿಂದ ಇಳಿದು ಬಂದು, ಕಂಬದ ತುದಿಯ ಕತ್ತಲೆಗೆ ಕೈ ತೋರಿಸಿ, "ಅಗೋ, ಅಲ್ಲಿ" ಎಂದರು. ಎಲ್ಲರೂ ತಲೆ ಎತ್ತಿ ಅಲ್ಲಿ ನೋಡಿದರು. ಅಂಗಳದಲ್ಲಿ ಜಾಗ ಸಾಲದೆ ಹಿಂದಿನವರು ರಸ್ತೆಯಲ್ಲೇ ನಿಂತಿದ್ದರು. ಅತ್ತೆ ನನ್ನ ಹೆಗಲು ಬಿಟ್ಟು ಜಗಲಿಯಲ್ಲಿದ್ದ ಅಜ್ಜನ ಖಾಲಿ ಕುರ್ಚಿಯ ಕಡೆ ತಿರುಗಿದಳು. ನೆಂಟರು ಬಂದಾಗ ಒಳಗಿನವರಿಗೆ ಹೇಳುವ ಸಾದಾ ಸ್ವರದಲ್ಲಿ, ನಡುವೆ ನನ್ನನ್ನು ಕರೆಯದೆ, ತಾನೇ ಹೇಳಿದಳು: "ಅಪ್ಪ, ಜನ ಬಂದಿದ್ದಾರೆ."