ಕೇಂದ್ರ ಸತ್ತಾ

ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ನಮ್ಮ ಸರ್ ಬಲಗಿವಿಯ ಮೇಲೆ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಬದಿಯ ಕೂದಲೆಲ್ಲ ಬೆಳ್ಳಗೆ. ಎಡಬದಿ ಎಣ್ಣೆ ಹಚ್ಚಿದ ಕರಿಗೂದಲು. ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ಅವರು ನಾಗರಿಕಶಾಸ್ತ್ರ ಕಲಿಸುತ್ತಿದ್ದರು. ಅವರ ಊರು ಕೊಲ್ಹಾಪುರ, ಮಾತು ಮರಾಠಿ. ಶಾಲೆಯೂ ಮರಾಠಿಯದೇ. ಮಹಾಗಾಂವದಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮಂಥ ಲಿಂಗಾಯತರ ಮಕ್ಕಳು ಮನೆಯಲ್ಲಿ ಕನ್ನಡ ಆಡಿ, ಬಸ್ಸಿಳಿದ ಮೇಲೆ ನಾಲಿಗೆ ಬದಲಿಸಬೇಕಿತ್ತು.

ಇದ್ದದ್ದು ಹೇಳಿಬಿಡುತ್ತೇನೆ, ಸರ್ ಅಂಥಾ ದೊಡ್ಡ ಪಾಠಗಾರರೇನಲ್ಲ. ಹಲಗೆಯ ಕಡೆ ಮುಖ ಮಾಡಿ ಗೊಣಗುತ್ತಿದ್ದರು. ಮಾರ್ಕು ಕೊಡುವುದರಲ್ಲಿ ಮಹಾ ಜಿಪುಣರು. ಆದರೆ ಹುಡುಗರು ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರು. ನಾನು ಕಂಡ ಮಾಸ್ತರರಲ್ಲಿ ಆ ಗುಣ ಇದ್ದವರು ಕಡಿಮೆ.

ಎಮರ್ಜನ್ಸಿ ಮುಗಿದ ಹೊಸತು. ದಿಲ್ಲಿಗೆ ಏನು ಅಧಿಕಾರ, ರಾಜ್ಯಕ್ಕೆ ಏನು ಎಂಬ ಪಾಠ. ಸರ್ ದೊಡ್ಡ ಅಕ್ಷರದಲ್ಲಿ ಬರೆದರು: ‘ಕೇಂದ್ರ ಸತ್ತಾ’. ಮರಾಠಿಯಲ್ಲಿ ಸತ್ತಾ ಎಂದರೆ ಅಧಿಕಾರ. ನಮಗೆ ಅದು ಗೊತ್ತಿಲ್ಲವೆಂದಲ್ಲ, ಆದರೂ ಕನ್ನಡದ ಕಿವಿ ಸುಮ್ಮನಿರಬೇಕಲ್ಲ! ಹಿಂದಿನಿಂದ ಒಬ್ಬ ಪಿಸುಗುಟ್ಟಿದ: “ಅಯ್ಯಯ್ಯ, ಕೇಂದ್ರ ಸತ್ತನಂತ! ಮಣ್ಣು ಮಾಡೂದು ಯಾವಾಗ ಲೇ?”

ಕನ್ನಡದ ಮಕ್ಕಳೆಲ್ಲ ಗೊಳ್ಳೆಂದೆವು. ಮರಾಠಿಯವರು ಪಿಳಿಪಿಳಿ ನೋಡಿದರು. “ಕಾ ಹಸತಾ?” ಏಕೆ ನಗುತ್ತೀರೆಂದು ಸರ್ ತಿರುಗಿದರು. ಮೊದಲ ಬೆಂಚಿನಲ್ಲಿದ್ದ ನಾನು ಎದ್ದು ಸಂಗತಿ ಹೇಳಿದೆ. ಸರ್ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: “ನಿಮ್ ಕನ್ನಡ ಖರೆ ಹೇಳತದ. ಒಬ್ಬನ ಕೈಯಾಗ ಕುಂತ ಸತ್ತಾ, ಸತ್ತಂಗ!”

ಅಂದಿನ ಹೋಮ್‌ವರ್ಕೂ ಅದರಿಂದಲೇ ಹುಟ್ಟಿತು. ಸಂವಿಧಾನದಲ್ಲಿ ಅಧಿಕಾರದ ಮೂರು ಯಾದಿ, ಅಂದರೆ ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರದೂ ಕೂಡಿದ್ದು. ನಿಮ್ಮ ಮನೆಯಲ್ಲಿ ಯಾವುದು ಯಾರ ಯಾದಿ ಎಂದು ಕೇಳಿಕೊಂಡು ಬನ್ನಿ ಎಂದರು. ಬಿತ್ತನೆ ಅಪ್ಪನದು, ಹಾಲು-ಮೊಸರು ಅವ್ವನದು, ಎಮ್ಮೆ ಮಾರುವುದು ಇಬ್ಬರದೂ ಎಂದು ಬಹಳ ಮಂದಿ ಹೇಳಿದರು. ನಮ್ಮಪ್ಪ ಮಾತ್ರ, “ಎಲ್ಲಾ ನಂದ. ಹಂಗ ಹೇಳು ಹೋಗು,” ಅಂದಿದ್ದ.

ಆ ‘ಎಲ್ಲಾ’ದೊಳಗೆ ನಾನೂ ಇದ್ದೆ. ಹತ್ತನೆಯ ಇಯತ್ತೆಯ ದೀಪಾವಳಿಗೆ ಇಚಲಕರಂಜಿಯಿಂದ ಒಂದು ಸಂಬಂಧ ಬಂತು. ಮಗ್ಗಗಳಿದ್ದ ಮನೆ, ಮಂದಿಯೂ ಒಳ್ಳೆಯವರೇ. ಅಪ್ಪ ನನ್ನ ಶಾಲೆ ಬಿಡಿಸಿದ. ನಾನು ಅತ್ತುಕೊಂಡೆ, ಯಾರು ಕೇಳಬೇಕು? ರಜೆ ಮುಗಿದರೂ ನಾನು ಬಾರದ್ದು ನೋಡಿ ಸರ್ ಒಂದು ಭಾನುವಾರ ನಮ್ಮೂರಿಗೇ ಬಂದರು.

ಅಪ್ಪನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಅವ್ವನಿಗೆ ಅಷ್ಟಕ್ಕಷ್ಟೇ. ಅಪ್ಪ ಮರಾಠಿಯಲ್ಲಿ ಶುರುಮಾಡಿದರೆ ಸರ್ ಬೇಕೆಂದೇ ಕನ್ನಡದಲ್ಲಿ, ಅದೂ ಅಡಿಗೆಮನೆಗೆ ಕೇಳುವಷ್ಟು ಜೋರಾಗಿ ಮಾತಾಡಿದರು. ಅಪ್ಪನೂ ಕನ್ನಡಕ್ಕೆ ಇಳಿಯಬೇಕಾಯಿತು.

“ಸರ, ಇದು ನಮ್ಮ ಮನೀ ಮಾತು. ಇದರಾಗ ನಿಮ್ಮದೇನ್ರಿ?”

“ಶಿಕ್ಷಣ ಮೊದಲ ರಾಜ್ಯದ ಯಾದಿಯಾಗ ಇತ್ತು ರೀ. ಈಗ ಇಬ್ಬರದೂ ಆಗೇದ. ದಿಲ್ಲಿ ಮಾತೂ ಬೇಕು, ಮುಂಬೈ ಮಾತೂ ಬೇಕು. ನೀವ್ ಯಾರನ್ನ ಕೇಳಿದ್ರಿ?”

“ಯಾರನ್ನ ಕೇಳೂದ್ರಿ? ಈ ಮನಿಗಿ ನಾನ ದಿಲ್ಲಿ, ನಾನ ಮುಂಬೈ!”

ಒಳಗಿನಿಂದ ಅವ್ವನ ದನಿ ಬಂತು. “ಹಂಗಾದ್ರ ನಾ ಯಾರು?”

ಅಪ್ಪನ ಎದುರಿಗೆ, ಅದೂ ಹೊರಗಿನವರ ಮುಂದೆ, ಅವ್ವ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಅವ್ವ ಚಹಾ ತಂದು ಸರ್ ಮುಂದೆ ಇಟ್ಟಳು. “ನನ್ನ ಯಾರೂ ಕೇಳಿಲ್ರಿ ಸರ. ಕೇಳಿದ್ರ ಹೇಳತಿದ್ದೆ. ಹುಡಿಗಿ ಮ್ಯಾಟ್ರಿಕ್ ಆಗಲಿ. ಭಾಳ ಶಾಣ್ಯಾ ಅದಾಳ.” ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತ್ತು. ಸರ್ ಅದನ್ನೇ ಸೊರ್ರೆಂದು ಹೀರಿ, ಇಬ್ಬರಿಗೂ ಕೈಮುಗಿದು, ಬಸ್ಸಿಗೆ ಹೊರಟರು.

ಅಪ್ಪ ಅವ್ವನೊಂದಿಗೆ ಎಷ್ಟೋ ದಿನ ಮಾತು ಬಿಟ್ಟ. ಆದರೆ ಪರೀಕ್ಷೆ ಮುಗಿಯಲಿ ಎಂದು ಇಚಲಕರಂಜಿಗೆ ಹೇಳಿಕಳಿಸಿದ. ಅವರು ಕಾಯಲಿಲ್ಲ, ಬೇರೆ ಹೆಣ್ಣು ತಂದರು. ಪುಣ್ಯಾತ್ಮರು! ನಾನು ಮ್ಯಾಟ್ರಿಕ್ ಮುಗಿಸಿ ಕೊಲ್ಹಾಪುರದಲ್ಲಿ ಕಾಲೇಜು ಕಲಿತೆ. ಮುಂದೆ ಇಚಲಕರಂಜಿಗೇ ಹೋದೆ, ಸೊಸೆಯಾಗಿ ಅಲ್ಲ, ನಾಗರಿಕಶಾಸ್ತ್ರ ಕಲಿಸುವ ‘ಬಾಯಿ’ಯಾಗಿ, ಅಂದರೆ ಟೀಚರಾಗಿ. ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ಆ ಭಾನುವಾರದ್ದು. ಇದನ್ನು ಸರ್ ಎದುರಿಗೆ ಒಮ್ಮೆಯೂ ಹೇಳಲಿಲ್ಲ, ಹೇಳಬೇಕಿತ್ತು.

ಎಂಬತ್ತರ ದಶಕದ ಕೊನೆಗೆ ಸರ್ ತೀರಿಕೊಂಡರು. ಸುದ್ದಿ ಬಂದಾಗ ನಾನು ರಜೆಗೆಂದು ಮಹಾಗಾಂವದಲ್ಲಿದ್ದೆ. ಬೀಗರು-ಬಿಜ್ಜರ ಮನೆ ಬಿಟ್ಟರೆ ಅವ್ವ ಸಾವಿಗೆಂದು ಎಲ್ಲಿಗೂ ಹೋದವಳಲ್ಲ, ಅಪ್ಪನನ್ನು ಕೇಳದೆ ಊರು ದಾಟಿದವಳೂ ಅಲ್ಲ. ಅಂದು ಕೈತೊಳೆದು, ಸೀರೆ ಬದಲಿಸಿ, ನನಗಿಂತ ಮೊದಲೇ ಬಾಗಿಲಿಗೆ ಬಂದಳು. ಅಪ್ಪ ಹೊಸ್ತಿಲ ಹತ್ತಿರ ಕಾಲು ಚಾಚಿ ಕುಳಿತಿದ್ದ.

“ಎತ್ತಾಗ ಹೊಂಟಿ?”

“ಸರ್ ಮನಿಗಿ. ಬರೂದು ಸಂಜಿ ಆಗತೈತಿ. ರೊಟ್ಟಿ ಬುಟ್ಟ್ಯಾಗ ಅದಾವು, ತಗೊಂಡು ಉಣ್ರಿ.”

ಅಪ್ಪ ಕಾಲು ಮಡಚಿ ದಾರಿ ಬಿಟ್ಟ.